ಕಟಾವಿಗೆ ಮೊದಲು ಬ್ಯಾಟರಿ: ಟ್ರ್ಯಾಕ್ಟರಿಗೂ ಭತ್ತದ ಮಷಿನ್‌ಗೂ ಹೊಸದನ್ನು ಆರಿಸುವುದು ಹೇಗೆ?

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ ಭತ್ತದ ಕಟಾವು ಶುರುವಾದರೆ ಕೊಯ್ದು ಒಕ್ಕುವ ಮಷಿನ್‌ಗೆ ಬಿಡುವೇ ಇರುವುದಿಲ್ಲ. ಒಂದು ಗದ್ದೆ ಮುಗಿಯುವಷ್ಟರಲ್ಲಿ ಪಕ್ಕದ ಕ್ಯಾಂಪಿನವರು ಬದುವಿನ ಮೇಲೆ ಬಂದು ನಿಂತಿರುತ್ತಾರೆ. ಅಂಥ ಹೊತ್ತಲ್ಲಿ ಕೀ ತಿರುವಿದರೆ ಬರೀ 'ಟಕ್' ಅಂತ ಸದ್ದು ಬಂದು ಎಂಜಿನ್ ಸುಮ್ಮನಾದರೆ ಏನು ಗತಿ? ಮೇಲೆ ಮೋಡ ಕಟ್ಟಿದ್ದರಂತೂ ಎದೆ ಹೊಡೆದುಕೊಳ್ಳುತ್ತದೆ. ಆಗ ಯಾರಾದರೂ ಬೈಕ್ ಹತ್ತಿ ಪೇಟೆಗೆ ಓಡುತ್ತಾರೆ, ಅಂಗಡಿಯಲ್ಲಿ ಯಾವುದಿದೆಯೋ ಅದನ್ನೇ ಹೊತ್ತು ತರುತ್ತಾರೆ. ವರ್ಷ ತುಂಬುವುದರೊಳಗೆ ಅದೂ ಕೂತುಬಿಡುತ್ತದೆ.

ಈ ಕೆಲಸವನ್ನು ಕಟಾವಿಗೆ ಒಂದು ತಿಂಗಳು ಮುಂಚೆಯೇ ಮಾಡಿಕೊಳ್ಳಿ. ಮುಂಗಾರು ಬೆಳೆಗೆ ಅಕ್ಟೋಬರ್‌ನಲ್ಲಿ, ಬೇಸಿಗೆ ಬೆಳೆಗೆ ಮಾರ್ಚ್‌ನಲ್ಲಿ. ಬೇಕಾಗುವುದು ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್, ಬ್ಯಾಟರಿ ಆಸಿಡ್ ಎಷ್ಟು ಗಟ್ಟಿ ಅಂತ ಅಳೆಯುವ ಒಂದು ಹೈಡ್ರೋಮೀಟರ್, ಕೀ ತಿರುವಲು ಇನ್ನೊಬ್ಬರು. ಇವೆರಡು ಸಾಮಾನು ಮನೆಯಲ್ಲಿ ಇದ್ದರೆ ಅಂಗಡಿಯವರು ಹೇಳಿದ್ದನ್ನೆಲ್ಲ ನಂಬಬೇಕಾದ ಅಗತ್ಯ ಬರುವುದಿಲ್ಲ.

ಬ್ಯಾಟರಿಯೇ ಹೋಗಿದೆಯಾ, ಮೊದಲು ನೋಡಿ

ಸೆಲ್ಫ್ ಎತ್ತುತ್ತಿಲ್ಲ ಅಂದ ಕೂಡಲೇ ಎಲ್ಲರೂ ಬ್ಯಾಟರಿಯನ್ನೇ ಬೈಯುತ್ತಾರೆ. ತಪ್ಪು ಎಷ್ಟೋ ಸಲ ಕೇಬಲ್‌ನದ್ದು, ಅರ್ಥಿಂಗ್‌ನದ್ದು, ಇಲ್ಲವೇ ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಡೈನಮೋದ್ದು. ಅದನ್ನು ಸರಿ ಮಾಡದೆ ಹೊಸ ಬ್ಯಾಟರಿ ಕೂರಿಸಿದರೆ ಸ್ವಲ್ಪ ದಿನ ನಡೆಯುತ್ತದೆ, ಆಮೇಲೆ ಮತ್ತೆ ಅದೇ ಕಥೆ.

ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿಯ ಎರಡು ಕಂಬಕ್ಕೆ (ಟರ್ಮಿನಲ್) ಮೀಟರ್ ಹಿಡಿಯಿರಿ. 12.6 ವೋಲ್ಟ್ ಅಥವಾ ಸ್ವಲ್ಪ ಮೇಲಿದ್ದರೆ ಚಾರ್ಜ್ ಪೂರ್ತಿ ಇದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಸುಮಾರು ಅರ್ಧ. 12ಕ್ಕೆ ಬಂದಿದ್ದರೆ ಕಾಲು ಭಾಗ ಮಾತ್ರ ಉಳಿದಿದೆ. ಕಡಿಮೆ ತೋರಿಸಿತು ಅಂತ ಬ್ಯಾಟರಿ ಸತ್ತಿದೆ ಅನ್ನಬೇಡಿ. ಚಾರ್ಜರ್‌ಗೆ ಹಾಕಿ ಪೂರ್ತಿ ತುಂಬಿಸಿ, ಒಂದು ರಾತ್ರಿ ಸುಮ್ನೆ ಬಿಟ್ಟು ಮತ್ತೆ ನೋಡಿ.

ಮುಚ್ಚಳ ಬಿಚ್ಚಲು ಬರುವ ಬ್ಯಾಟರಿ ಆಗಿದ್ದರೆ ಈಗ ಹೈಡ್ರೋಮೀಟರ್ ತೆಗೆದುಕೊಳ್ಳಿ. ಆರು ಮುಚ್ಚಳ, ಆರು ಸೆಲ್. ಒಂದೊಂದರಿಂದಲೂ ಆಸಿಡ್ ಎಳೆದು, ಒಳಗಿನ ತೇಲು ಗಾಜಿಗೆ ಅಂಟದಂತೆ ನೇರ ಹಿಡಿದು ಓದಿ. ತುಂಬಿದ ಬ್ಯಾಟರಿಯಲ್ಲಿ 1.240ರಿಂದ 1.265ರ ನಡುವೆ ಇರಬೇಕು. ನಮ್ಮಂಥ ಬಿಸಿ ಊರುಗಳಿಗೆ ಕೊಡುವ ಬ್ಯಾಟರಿಗಳಲ್ಲಿ ಆಸಿಡ್ ಸ್ವಲ್ಪ ತೆಳುವಾಗೇ ಇರುತ್ತದೆ. 1.240 ಬಂತು ಅಂತ ಗಾಬರಿ ಬೇಡ. ಆರು ಸೆಲ್ ಒಂದಕ್ಕೊಂದು ಹೇಗಿವೆ ಅನ್ನುವುದೇ ಇಲ್ಲಿ ಮುಖ್ಯ. ಐದರಲ್ಲಿ 1.245, ಒಂದರಲ್ಲಿ ಮಾತ್ರ 1.180 ಬಂತು ಅನ್ನಿ. ಆ ಸೆಲ್ ಕೆಟ್ಟಿದೆ. ಎಷ್ಟು ಚಾರ್ಜ್ ಮಾಡಿದರೂ ಆ ಬ್ಯಾಟರಿ ಮತ್ತೆ ಎದ್ದು ನಿಲ್ಲುವುದಿಲ್ಲ. ಎಳೆದ ಆಸಿಡ್ ಕಂದು ಬಣ್ಣಕ್ಕೆ ತಿರುಗಿ ಕದಡಿದ್ದರೆ ಪ್ಲೇಟಿನ ಮದ್ದು ಉದುರುತ್ತಿದೆ ಅಂತ ಅರ್ಥ. ಅಂಥದ್ದನ್ನೂ ಬದಲಿಸಬೇಕು.

ಈಗ ಎಂಜಿನ್ ತಿರುಗುವಾಗಿನ ಪರೀಕ್ಷೆ. ಇದನ್ನು ಮಾಡುವವರು ಕಡಿಮೆ. ಆದರೆ ಇದಕ್ಕಿಂತ ಚೆನ್ನಾಗಿ ಸತ್ಯ ಹೇಳುವ ಪರೀಕ್ಷೆ ಇನ್ನೊಂದಿಲ್ಲ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಬ್ರೇಕ್ ಹಾಕಿರಲಿ. ಎಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ನಾಬ್ ಎಳೆದು ಹಿಡಿಯಿರಿ. ಜೊತೆಯವರು ಕೆಲವು ಸೆಕೆಂಡ್ ಕೀ ತಿರುವಲಿ. ಆಗ ಬ್ಯಾಟರಿ ಕಂಬಗಳ ಮೇಲೆ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. 24 ವೋಲ್ಟ್ ಗಾಡಿಯಾದರೆ ಎರಡೂ ಸೇರಿ 19.2. ಪೂರ್ತಿ ಚಾರ್ಜ್ ಆಗಿದ್ದೂ 8ಕ್ಕೋ 7ಕ್ಕೋ ಕುಸಿಯುತ್ತಿದೆಯಾ? ಬ್ಯಾಟರಿ ಮುಗಿಯಿತು, ಇಲ್ಲವೇ ಸ್ಟಾರ್ಟರ್ ಮೋಟಾರೇ ಹಿಡಿದುಕೊಂಡು ಅತಿಯಾಗಿ ಕರೆಂಟ್ ಎಳೆಯುತ್ತಿದೆ. ಬೇರೆ ಗಾಡಿಯ ಒಳ್ಳೆಯ ಬ್ಯಾಟರಿ ಜೋಡಿಸಿ ನೋಡಿದರೆ ಎರಡರಲ್ಲಿ ಯಾವುದು ಅಂತ ಗೊತ್ತಾಗುತ್ತದೆ.

ಕೀ ತಿರುವಿದಾಗಲೂ ಬ್ಯಾಟರಿಯಲ್ಲಿ 11 ವೋಲ್ಟ್ ನಿಂತಿದೆ, ಆದರೂ ಎಂಜಿನ್ ನಿಧಾನವಾಗಿ ಹೊರಳುತ್ತಿದೆ ಅಂದರೆ ದಾರಿಯಲ್ಲಿ ಸೋರುತ್ತಿದೆ. ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಕಂಬದ ಸೀಸದ ಮೇಲೇ ಇಡಿ. ಮೇಲಿನ ಕ್ಲಾಂಪಿನ ಮೇಲೆ ಬೇಡ. ಕಪ್ಪು ಕಡ್ಡಿಯನ್ನು ಸ್ಟಾರ್ಟರ್ ಮೇಲಿನ ಸ್ವಿಚ್, ಅಂದರೆ ಸೋಲೆನಾಯ್ಡ್‌ನಲ್ಲಿ ಬ್ಯಾಟರಿ ಕೇಬಲ್ ಕೂತಿರುವ ಬೋಲ್ಟಿಗೆ ಹಿಡಿಯಿರಿ. ಕೀ ತಿರುವಿದಾಗ ಬರುವ ಅಂಕಿ ಅರ್ಧ ವೋಲ್ಟಿನ ಒಳಗಿರಬೇಕು. ಹಾಗೇ ನೆಗೆಟಿವ್ ಕಂಬದಿಂದ ಎಂಜಿನ್ ಬಾಡಿಗೆ ಹಿಡಿದು ನೋಡಿ. ಅಲ್ಲೂ ಅಷ್ಟೇ. ಒಂದೂವರೆ, ಎರಡು ವೋಲ್ಟ್ ಬಂದರೆ ಬ್ಯಾಟರಿ ಅಂಗಡಿಗೆ ಹೋಗಬೇಡಿ. ಅರ್ಥ್ ಕೇಬಲ್ ಬೋಲ್ಟ್ ಬಿಚ್ಚಿ, ಕೆಸರು, ತುಕ್ಕು, ಬಣ್ಣ ಎಲ್ಲ ಉಜ್ಜಿ ತೆಗೆದು, ಹೊಳೆಯುವ ಕಬ್ಬಿಣದ ಮೇಲೆ ಬಿಗಿಯಾಗಿ ಕೂರಿಸಿ. ಕೆಸರು ಗದ್ದೆಯಲ್ಲಿ ಓಡಾಡುವ ಮಷಿನ್‌ಗಳಲ್ಲಿ ಮೊದಲು ಕೆಡುವುದೇ ಈ ಜಾಗ.

ಸ್ಟಾರ್ಟರ್‌ಗೆ ಏನು ಬೇಕು?

ಬ್ಯಾಟರಿ ಕೊಳ್ಳುವಾಗ ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ: 'ಎಷ್ಟು ಆಂಪಿಯರ್‌ದು?' 88, 100, 130 ಅಂತ ಹೇಳುತ್ತಾರಲ್ಲ, ಅದು ಆಂಪಿಯರ್ ಅವರ್. 100 ಅಂತ ಬರೆದಿದ್ದರೆ, 5 ಆಂಪಿಯರ್‌ನಂತೆ 20 ಗಂಟೆ ಕೊಡುತ್ತದೆ ಅಂತ ಅರ್ಥ. ನಿಧಾನವಾಗಿ ಖರ್ಚು ಮಾಡಿದರೆ ಸಿಗುವ ಲೆಕ್ಕ ಅದು. ಡೀಸೆಲ್ ಎಂಜಿನ್ನಿನ ಸ್ಟಾರ್ಟರ್ ಕೇಳುವುದೇ ಬೇರೆ. ನಾಲ್ಕೈದು ಸೆಕೆಂಡ್ ಮಾತ್ರ, ಆದರೆ ಇನ್ನೂರು, ಮುನ್ನೂರು ಆಂಪಿಯರ್. ದೊಡ್ಡ ಎಂಜಿನ್ ಆದರೆ ಇನ್ನೂ ಜಾಸ್ತಿ. ಸ್ವಲ್ಪ ಹೊತ್ತು, ತುಂಬ ಕರೆಂಟ್.

ಅಷ್ಟು ಕರೆಂಟ್ ಒಮ್ಮೆಲೇ ಹೊರಗೆ ಬರಬೇಕಾದರೆ ಬ್ಯಾಟರಿಯ ಒಳಗಿನ ತಡೆ ತೀರಾ ಕಡಿಮೆ ಇರಬೇಕು. ಅದಕ್ಕೇ ಸ್ಟಾರ್ಟಿಂಗ್ ಬ್ಯಾಟರಿಯೊಳಗೆ ತೆಳು ಪ್ಲೇಟುಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಮನೆಯ ಇನ್ವರ್ಟರ್‌ಗೆ ಹಾಕುವ ಟ್ಯೂಬುಲರ್ ಬ್ಯಾಟರಿಯಲ್ಲಿ ಪ್ಲೇಟು ದಪ್ಪ. ಅದು ಗಂಟೆಗಟ್ಟಲೆ ಸಣ್ಣ ಕರೆಂಟ್ ಕೊಡಲು ಮಾಡಿದ್ದು. 'ಮನೆಯಲ್ಲಿ 150ರ ಟ್ಯೂಬುಲರ್ ಸುಮ್ನೆ ಬಿದ್ದಿದೆ, 88ಕ್ಕಿಂತ ಜಾಸ್ತಿನೇ ಅಲ್ವಾ, ಟ್ರ್ಯಾಕ್ಟರಿಗೆ ಹಾಕಿಬಿಡೋಣ' ಅನ್ನುವ ಮಾತು ಊರೂರಲ್ಲಿ ಕೇಳುತ್ತೇವೆ. ಹಾಕಬೇಡಿ. ಸ್ಟಾರ್ಟರ್ ಎಳೆದಾಗ ಅದರ ವೋಲ್ಟೇಜ್ ಕುಸಿಯುತ್ತದೆ. ಎತ್ತರ ಜಾಸ್ತಿ ಇರುವುದರಿಂದ ಟ್ರೇಯಲ್ಲಿ ಕೂರುವುದಿಲ್ಲ, ಗದ್ದೆಯ ಕುಲುಕಾಟವನ್ನೂ ತಾಳುವುದಿಲ್ಲ. ತಿರುಗಿಸಿ ಮಾಡುವುದೂ ಅಷ್ಟೇ ಕೆಟ್ಟದ್ದು. ಟ್ರ್ಯಾಕ್ಟರ್ ಬ್ಯಾಟರಿಯನ್ನು ಮನೆಗೆ ತಂದು ರಾತ್ರಿಯೆಲ್ಲ ಫ್ಯಾನ್ ಓಡಿಸಿದರೆ ತೆಳು ಪ್ಲೇಟು ಬೇಗ ಸಾಯುತ್ತದೆ. ಹೀಗೆ ಪೂರ್ತಿ ಬರಿದು ಮಾಡುವುದು ಕೆಲವು ಸಲ ನಡೆದರೆ ಸಾಕು, ಕಟಾವಿನ ಹೊತ್ತಿಗೆ ಅದು ಕೈ ಕೊಡುತ್ತದೆ.

ಲೇಬಲ್ ಮೇಲೆ ಸಿಸಿಎ ಅಂತ ಇನ್ನೊಂದು ಅಂಕಿ ಇರಬಹುದು. ಮೈನಸ್ 18 ಡಿಗ್ರಿ ಚಳಿಯಲ್ಲಿ, 7.2 ವೋಲ್ಟಿಗಿಂತ ಕೆಳಗೆ ಇಳಿಯದೆ, 30 ಸೆಕೆಂಡ್ ಎಷ್ಟು ಆಂಪಿಯರ್ ಕೊಡಬಲ್ಲದು ಅನ್ನುವುದು ಅದರ ಅಳತೆ. ಆ ಚಳಿ ರಾಯಚೂರಿಗೆ ಯಾವತ್ತೂ ಬರುವುದಿಲ್ಲ. ಆದರೂ ಒಂದೇ ಅಳತೆಯ ಎರಡು ಬ್ಯಾಟರಿಗಳಲ್ಲಿ ಯಾವುದಕ್ಕೆ ಎಳೆಯುವ ಶಕ್ತಿ ಜಾಸ್ತಿ ಅಂತ ಹೋಲಿಸಲು ಅದು ಸಹಾಯಕ್ಕೆ ಬರುತ್ತದೆ. ಅದರ ಹಿಂದೆ ಬಿದ್ದು ಅತಿ ದೊಡ್ಡ ಅಂಕಿಯದ್ದನ್ನೇ ತರಬೇಕು ಅಂತ ಮಾತ್ರ ಇಲ್ಲ. ಅದೇ ಡಬ್ಬಿಯಲ್ಲಿ ಅಂಕಿ ಹೆಚ್ಚಿಸಬೇಕಾದರೆ ಪ್ಲೇಟು ಇನ್ನೂ ತೆಳುವಾಗಬೇಕು. ನಮ್ಮ ಬಿಸಿಲಿಗೆ ತೆಳು ಪ್ಲೇಟು ಬೇಗ ಸವೆಯುತ್ತದೆ.

ಬಿಸಿಲೇ ದೊಡ್ಡ ಶತ್ರು

ಚಳಿ ಪ್ರದೇಶದಲ್ಲಿ ಬ್ಯಾಟರಿ ಚಳಿಗಾಲದಲ್ಲಿ ಕೈ ಕೊಡುತ್ತದೆ. ನಮ್ಮಲ್ಲಿ ಅದನ್ನು ತಿನ್ನುವುದು ಬೇಸಿಗೆ. ಬ್ಯಾಟರಿಯ ಶಾಖ 25 ಡಿಗ್ರಿಗಿಂತ ಸುಮಾರು 10 ಡಿಗ್ರಿ ಏರಿದರೆ ಆಯುಷ್ಯ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕೆಲಸದವರೆಲ್ಲ ಒಪ್ಪುವ ಲೆಕ್ಕ. ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಎಂಜಿನ್ ಪಕ್ಕದ ಟ್ರೇಯೊಳಗೆ ಎಷ್ಟಿರಬೇಕು? ಒಳಗಿನ ಸೀಸದ ಜಾಲರಿ ತುಕ್ಕು ಹಿಡಿಯುತ್ತದೆ, ನೀರು ಆವಿಯಾಗುತ್ತದೆ, ಸುಮ್ನೆ ನಿಂತರೂ ಚಾರ್ಜ್ ಬೇಗ ಇಳಿಯುತ್ತದೆ.

ಅದಕ್ಕೇ ನಮ್ಮ ಊರಿನ ಟ್ರ್ಯಾಕ್ಟರಿಗೂ ಮಷಿನ್‌ಗೂ ನಾನು ಹೇಳುವುದು ಮುಚ್ಚಳ ಬಿಚ್ಚಿ ನೀರು ಹಾಕಲು ಬರುವ, ಟ್ರ್ಯಾಕ್ಟರ್ ಅಥವಾ ಲಾರಿಗೆ ಅಂತಲೇ ಮಾಡಿದ ಸೀಸದ ಬ್ಯಾಟರಿ. ನೀರು ಕಡಿಮೆಯಾದರೆ ತುಂಬಬಹುದು, ಹೈಡ್ರೋಮೀಟರ್ ಹಾಕಿ ಒಳಗಿನ ಸ್ಥಿತಿ ನೋಡಬಹುದು. ಪೂರ್ತಿ ಮುಚ್ಚಿದ ಮೇಂಟೆನೆನ್ಸ್ ಫ್ರೀ ಬ್ಯಾಟರಿ ಕೆಟ್ಟದ್ದಲ್ಲ. ಅದು ನೀರು ಕುಡಿಯುವುದು ಕಡಿಮೆ, ನಿಂತಾಗ ಚಾರ್ಜ್ ಇಳಿಯುವುದೂ ನಿಧಾನ. ವರ್ಷದಲ್ಲಿ ಬಹಳ ತಿಂಗಳು ಶೆಡ್‌ನಲ್ಲೇ ನಿಲ್ಲುವ ಮಷಿನ್‌ಗೆ, ನೀರು ನೋಡುವವರು ಯಾರೂ ಇಲ್ಲದಿದ್ದರೆ, ಅದೇ ಸರಿ. ಆದರೆ ಡೈನಮೋ ಜಾಸ್ತಿ ವೋಲ್ಟೇಜ್ ಕೊಟ್ಟು ಒಳಗಿನ ನೀರು ಕುದಿಸಿದರೆ ಅದಕ್ಕೆ ಮರಳಿ ನೀರು ಹಾಕುವ ದಾರಿ ಇಲ್ಲ.

ಎಜಿಎಂ ಬ್ಯಾಟರಿಗೆ (ಆಸಿಡ್ಡನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟು ಮುಚ್ಚಿದ್ದು) ಕರೆಂಟ್ ಕೊಡುವ ಶಕ್ತಿ ತುಂಬ ಚೆನ್ನಾಗಿದೆ, ಕುಲುಕಾಟವನ್ನೂ ತಾಳುತ್ತದೆ. ಆದರೆ ಬೆಲೆ ಜಾಸ್ತಿ, ಬಿಸಿಯನ್ನು ತಾಳುವುದಿಲ್ಲ. ಎಂಜಿನ್ ಶಾಖ ಬಡಿಯುವ ಜಾಗದಲ್ಲಿ ಅದಕ್ಕೆ ಹಾಕಿದ ದುಡ್ಡು ವಾಪಸ್ ಬರುವುದು ಕಷ್ಟ. ಲಿಥಿಯಂ ಈಗ ಎಲ್ಲರ ಬಾಯಲ್ಲಿದೆ. ಹಗುರ, ಬಾಳಿಕೆ ಹೆಚ್ಚು, ನಿಜ. ಆದರೆ ಅದರೊಳಗಿನ ರಕ್ಷಣಾ ಸರ್ಕ್ಯೂಟ್ ಇಷ್ಟಕ್ಕಿಂತ ಹೆಚ್ಚು ಕರೆಂಟ್ ಕೊಡುವುದಿಲ್ಲ ಅಂತ ನಡುವೆಯೇ ಕಡಿದುಬಿಡಬಹುದು. ಎಂಜಿನ್ ಓಡುವಾಗ ಹಾಗೆ ಕಡಿದರೆ ಡೈನಮೋದ ಡಯೋಡ್ ಸುಟ್ಟುಹೋಗುವ ಅಪಾಯವಿದೆ. ಸ್ಟಾರ್ಟಿಂಗ್‌ಗೆ ಅಂತಲೇ ಮಾಡಿದ್ದು, ನಿಮ್ಮ ಗಾಡಿಯ ಕಂಪನಿಯೇ ಒಪ್ಪಿದ್ದು ಆಗದ ಹೊರತು ಡೀಸೆಲ್ ಮಷಿನ್‌ಗೆ ಹಾಕುವುದನ್ನು ಈಗ ನಾನು ಒಪ್ಪುವುದಿಲ್ಲ.

ಅಳತೆ

ಗಾಡಿಯ ಕೈಪಿಡಿ, ಕಂಪನಿಯಿಂದ ಬಂದ ಮೊದಲ ಬ್ಯಾಟರಿಯ ಲೇಬಲ್, ಇವೆರಡೇ ಆಧಾರ. ಈಗ ಕೂತಿರುವ ಬ್ಯಾಟರಿಯನ್ನು ನೋಡಿ ಹೇಳಬೇಡಿ. ಯಾರೋ ಅವಸರದಲ್ಲಿ ಸಣ್ಣದು ಹಾಕಿರಬಹುದು. 40ರಿಂದ 50 ಎಚ್‌ಪಿ ಟ್ರ್ಯಾಕ್ಟರುಗಳಿಗೆ ಸಾಮಾನ್ಯವಾಗಿ 75ರಿಂದ 100 ಆಂಪಿಯರ್ ಅವರ್ ಇರುತ್ತದೆ. ಚೈನ್ ಮೇಲೆ, ಟೈರ್ ಮೇಲೆ ಓಡುವ ಭತ್ತದ ಮಷಿನ್‌ಗಳಲ್ಲಿ ಎಂಜಿನ್ ನೋಡಿ ಬೇರೆ ಬೇರೆ. ಟ್ರೇಯಲ್ಲಿ ಜಾಗ ಇದ್ದರೆ ಒಂದು ಮೆಟ್ಟಿಲು ದೊಡ್ಡದು ಹಾಕಬಹುದು, ತೊಂದರೆ ಇಲ್ಲ. ಸಣ್ಣದು ಮಾತ್ರ ಬೇಡ.

ಹೋಗುವಾಗ ಟ್ರೇಯ ಉದ್ದ, ಅಗಲ, ಎತ್ತರ ಬರೆದುಕೊಂಡು ಹೋಗಿ. ಪಾಸಿಟಿವ್ ಕಂಬ ಯಾವ ಕಡೆಗಿದೆ ಅಂತ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಕಂಬ ತಿರುಗುಮುರುಗು ಬಂದರೆ ಕೇಬಲ್ ತಲುಪುವುದಿಲ್ಲ, ಎಳೆದು ಬಿಗಿದರೆ ಕುಲುಕಾಟಕ್ಕೆ ಕಂಬವೇ ಸಡಿಲಾಗುತ್ತದೆ.

ಎರಡು ಬ್ಯಾಟರಿ ಇರುವ ಮಷಿನ್

24 ವೋಲ್ಟ್ ಗಾಡಿಯಲ್ಲಿ 12ರ ಎರಡು ಬ್ಯಾಟರಿ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಒಂದು ಕೆಟ್ಟರೆ ಒಂದನ್ನೇ ಬದಲಿಸೋಣ ಅನಿಸುವುದು ಸಹಜ, ದುಡ್ಡಿನ ವಿಷಯ ಅಲ್ವಾ? ಆದರೆ ಹಳೆಯದು ಬೇಗ ತುಂಬುತ್ತದೆ, ಬೇಗ ಬರಿದಾಗುತ್ತದೆ. ಹೊಸದು ಯಾವತ್ತೂ ಪೂರ್ತಿ ತುಂಬದೆ ಉಳಿಯುತ್ತದೆ. ಜೋಡೆತ್ತಿನಲ್ಲಿ ಒಂದು ಮುದಿಯಾದರೆ ಹರೆಯದ ಎತ್ತೂ ಸೊರಗುವ ಹಾಗೆ. ಎರಡನ್ನೂ ಒಟ್ಟಿಗೆ ಬದಲಿಸಿ. ಒಂದೇ ಕಂಪನಿ, ಒಂದೇ ಮಾದರಿ, ಆದಷ್ಟು ಒಂದೇ ತಿಂಗಳಲ್ಲಿ ತಯಾರಾದದ್ದು.

ಇನ್ನೊಂದು ವಿಷಯ ಡ್ರೈವರುಗಳಿಗೆ ಹೇಳಲೇಬೇಕು. ಕ್ಯಾಬಿನ್‌ನಲ್ಲಿ ಹಾಡು ಕೇಳಲು, ಸಣ್ಣ ಫ್ಯಾನ್‌ಗೆ, ಮೊಬೈಲ್ ಚಾರ್ಜಿಗೆ 12 ವೋಲ್ಟ್ ಬೇಕು ಅಂತ ಎರಡರಲ್ಲಿ ಒಂದೇ ಬ್ಯಾಟರಿಯಿಂದ ವೈರ್ ಎಳೆದಿರುತ್ತಾರೆ. ಮಧ್ಯಾಹ್ನದ ಬಿಸಿಲಲ್ಲಿ ಫ್ಯಾನ್ ಬೇಕೇ ಬೇಕು, ಅವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಆ ಒಂದು ಬ್ಯಾಟರಿ ದಿನಾ ಸ್ವಲ್ಪ ಸ್ವಲ್ಪ ಬರಿದಾಗುತ್ತದೆ, ಪಕ್ಕದ್ದು ಅತಿಯಾಗಿ ಚಾರ್ಜ್ ಆಗಿ ನೀರು ಆರಿಸಿಕೊಳ್ಳುತ್ತದೆ. ಒಂದೇ ತಪ್ಪಿಗೆ ಎರಡೂ ಹಾಳು. 24ರಿಂದ 12 ವೋಲ್ಟ್ ಮಾಡುವ ಕನ್ವರ್ಟರ್ ಸಿಗುತ್ತದೆ, ಹೊಸ ಜೋಡಿ ಬ್ಯಾಟರಿಯ ಬೆಲೆಯ ಮುಂದೆ ಅದು ಏನೂ ಅಲ್ಲ. ಅದನ್ನೇ ಹಾಕಿಸಿ.

12 ವೋಲ್ಟ್ ಮಷಿನ್‌ನಲ್ಲಿ ಎರಡು ಬ್ಯಾಟರಿಯನ್ನು ಪಕ್ಕಪಕ್ಕ ಸೇರಿಸಿದ್ದರೆ ಪಾಸಿಟಿವ್ ಕೇಬಲ್ ಒಂದರಿಂದ ಹೊರಡಲಿ, ಅರ್ಥ್ ಕೇಬಲ್ ಇನ್ನೊಂದರಿಂದ ಹೊರಡಲಿ. ಆಗ ಭಾರ ಎರಡಕ್ಕೂ ಸಮ ಬೀಳುತ್ತದೆ.

ಕೇಬಲ್ ಮೇಲೆ ಉಳಿಸಬೇಡಿ

ಬ್ಯಾಟರಿಗೆ ಸಾವಿರಾರು ರೂಪಾಯಿ ಕೊಟ್ಟು ಕೇಬಲ್‌ಗೆ ಚೌಕಾಸಿ ಮಾಡುತ್ತೇವೆ. ಲೆಕ್ಕ ನೋಡಿ. ಹೋಗಿ ಬರುವ ದಾರಿ ಸೇರಿ 3 ಮೀಟರ್ ತಾಮ್ರದ ಕೇಬಲ್, ಅದರಲ್ಲಿ 400 ಆಂಪಿಯರ್ ಹರಿಯುತ್ತಿದೆ ಅನ್ನಿ. 50 ಚದರ ಮಿಲಿಮೀಟರ್ ದಪ್ಪದ ಕೇಬಲ್ ಆದರೆ ಸುಮಾರು 0.4 ವೋಲ್ಟ್ ನಷ್ಟ. 25 ಆದರೆ 0.8. 16ರ ತೆಳು ಕೇಬಲ್ ಆದರೆ 1.3 ವೋಲ್ಟ್ ದಾರಿಯಲ್ಲೇ ಬಿಸಿಯಾಗಿ ಹೋಯಿತು. ಅಲ್ಯೂಮಿನಿಯಂ ಕೇಬಲ್ ಮೇಲೆ ತಾಮ್ರದ ಬಣ್ಣ ಬಳಿದದ್ದೂ ಮಾರ್ಕೆಟ್ಟಿನಲ್ಲಿ ಸಿಗುತ್ತದೆ, ಅದರಲ್ಲಿ ನಷ್ಟ ಇನ್ನೂ ಒಂದೂವರೆ ಪಟ್ಟಿಗಿಂತ ಜಾಸ್ತಿ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬಿಳಿ ಕಾಣುತ್ತದಾ ಅಂತ ನೋಡಿ. ತುದಿಯ ಲಗ್ ಸುತ್ತಿಗೆಯಲ್ಲಿ ಬಡಿದದ್ದು ಬೇಡ, ಪ್ರೆಸ್ ಮಾಡಿಸಿದ್ದೇ ಇರಲಿ.

ಅಂಗಡಿಯಲ್ಲಿ

ಮೊದಲು ತಯಾರಾದ ತಿಂಗಳು ಕೇಳಿ. ಡಬ್ಬಿಯ ಮೇಲೆ, ಇಲ್ಲವೇ ಕಂಬದ ಹತ್ತಿರ ಕೋಡ್ ಇರುತ್ತದೆ. ಓದಲು ಬರದಿದ್ದರೆ ಅಂಗಡಿಯವರಿಂದಲೇ ಓದಿಸಿ. ಮೂರು ತಿಂಗಳಿಗಿಂತ ಹಳೆಯದು ಬೇಡ. ಬಿಸಿ ಗೋಡೌನಿನಲ್ಲಿ ಬೇಸಿಗೆ ಪೂರ್ತಿ ಚಾರ್ಜ್ ಇಲ್ಲದೆ ಕೂತ ಬ್ಯಾಟರಿ ಹೊಸದಾಗಿದ್ದರೂ ಅರ್ಧ ಮುದಿಯಾಗಿರುತ್ತದೆ. ನಿಮ್ಮ ಮೀಟರ್ ಜೇಬಿನಿಂದ ತೆಗೆದು ಅಲ್ಲೇ ಹಿಡಿಯಿರಿ. 12.5ಕ್ಕಿಂತ ಕಡಿಮೆ ಇದ್ದರೆ ಬೇರೆ ಕೊಡಿ ಅನ್ನಿ. ಇದಕ್ಕೆ ಯಾರೂ ಮುಖ ಗಂಟು ಹಾಕಿಕೊಳ್ಳಬೇಕಾಗಿಲ್ಲ. ದುಡ್ಡು ನಿಮ್ಮದು.

ಒಣ ಬ್ಯಾಟರಿಗೆ ನಿಮ್ಮ ಎದುರೇ ಆಸಿಡ್ ತುಂಬಿ ಕೊಡುವುದಾದರೆ ತಕ್ಷಣ ಹೊತ್ತುಕೊಂಡು ಬರಬೇಡಿ. ಆಸಿಡ್ ಪ್ಲೇಟಿಗೆ ಇಳಿಯಬೇಕು, ಆಮೇಲೆ ಕಂಪನಿ ಹೇಳಿದಷ್ಟು ಹೊತ್ತು ನಿಧಾನವಾಗಿ ಮೊದಲ ಚಾರ್ಜ್ ಆಗಬೇಕು. ಬಿಟ್ಟು ಬನ್ನಿ, ಮರುದಿನ ಹೋಗಿ ತನ್ನಿ. ಈ ಮೊದಲ ಚಾರ್ಜ್ ತಪ್ಪಿಸಿದರೆ ಬ್ಯಾಟರಿ ಯಾವತ್ತೂ ತನ್ನ ಪೂರ್ತಿ ಶಕ್ತಿಗೆ ಬರುವುದಿಲ್ಲ. ಕಟಾವಿಗೆ ತಿಂಗಳು ಮುಂಚೆ ಹೋಗಿ ಅಂತ ಹೇಳಿದ್ದು ಇದಕ್ಕೂ ಸೇರಿ.

ತೂಕ ನೋಡುವುದು ಒಳ್ಳೆಯ ಅಭ್ಯಾಸ. ಸೀಸದ ಬ್ಯಾಟರಿಯಲ್ಲಿ ನೀವು ದುಡ್ಡು ಕೊಡುವುದು ಸೀಸಕ್ಕೆ. ಕಂಪನಿಯ ಪಟ್ಟಿಯಲ್ಲಿ ಬರೆದ ತೂಕಕ್ಕಿಂತ ಕೆಲವು ಕಿಲೋ ಕಡಿಮೆ ಬಂದರೆ ಒಳಗೆ ಪ್ಲೇಟು ಕಡಿಮೆ. ಊರಲ್ಲೇ ಜೋಡಿಸಿದ ಹೆಸರಿಲ್ಲದ ಅಗ್ಗದ ಬ್ಯಾಟರಿಗಳಲ್ಲಿ ಇದನ್ನು ನೋಡದೇ ಕೊಳ್ಳಬೇಡಿ.

ವಾರಂಟಿ ಕಾರ್ಡನ್ನು ಅಲ್ಲೇ ಓದಿ. 'ಇಷ್ಟು ತಿಂಗಳು' ಅಂತ ಒಟ್ಟಿಗೆ ಹೇಳಿದರೂ ಅದು ಎರಡು ಭಾಗ. ಮೊದಲ ಭಾಗದಲ್ಲಿ ಕೆಟ್ಟರೆ ಬದಲಿ ಬ್ಯಾಟರಿ ಪುಕ್ಕಟೆ. ಎರಡನೇ ಭಾಗದಲ್ಲಿ ಹೊಸದರ ಮೇಲೆ ಸ್ವಲ್ಪ ರಿಯಾಯಿತಿ ಮಾತ್ರ. ನಿಮಗೆ ಲೆಕ್ಕಕ್ಕೆ ಬರುವುದು ಮೊದಲನೆಯದು. ಕಾರಿನ ಬ್ಯಾಟರಿಯನ್ನು ಟ್ರ್ಯಾಕ್ಟರಿಗೆ ಹಾಕಿದರೆ ವಾರಂಟಿ ಸಿಗದೇ ಹೋಗಬಹುದು. ಯಾವ ಗಾಡಿಗೆ ಅಂತ ಕಾರ್ಡಿನಲ್ಲಿ ಬರೆಸಿ, ತಾರೀಖು, ಸೀಲು ಹಾಕಿಸಿ, ಬಿಲ್ ಜೊತೆ ಫೋಟೋ ತೆಗೆದಿಟ್ಟುಕೊಳ್ಳಿ. ಶೆಡ್‌ನಲ್ಲಿಟ್ಟ ಕಾಗದವನ್ನು ಇಲಿ, ಗೆದ್ದಲು ಉಳಿಸುವುದಿಲ್ಲ.

ಹಳೆಯ ಬ್ಯಾಟರಿಯನ್ನು ಅಲ್ಲೇ ಕೊಟ್ಟು ಬನ್ನಿ, ಬೆಲೆಯಲ್ಲಿ ಕಡಿತ ಸಿಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ವಾಪಸ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಗುಜರಿಯವರಿಗೆ ಕೊಟ್ಟರೆ ನೂರಿನ್ನೂರು ಜಾಸ್ತಿ ಸಿಗಬಹುದು. ಆದರೆ ಅಲ್ಲಿ ಎಷ್ಟೋ ಕಡೆ ಆಸಿಡ್ಡನ್ನು ಮಣ್ಣಿಗೆ ಚೆಲ್ಲಿ, ಸೀಸವನ್ನು ಬಯಲಲ್ಲೇ ಕರಗಿಸುತ್ತಾರೆ. ಆ ಹೊಗೆ ಮಕ್ಕಳ ಮೆದುಳಿಗೆ ವಿಷ. ಕಾಲುವೆ ಬದಿಯಲ್ಲಿ, ಗದ್ದೆಯ ಅಂಚಿನಲ್ಲಿ ಆಸಿಡ್ ಚೆಲ್ಲುವುದನ್ನು ನೋಡಿದರೆ ಸುಮ್ಮನಿರಬೇಡಿ.

ಕೂರಿಸುವುದು

ಬೆರಳಿನ ಉಂಗುರ, ಕೈಯ ಕಡಗ ತೆಗೆದಿಡಿ. ಬೀಡಿ, ಬೆಂಕಿ ದೂರ. ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು, ಬ್ಯಾಟರಿ ಸಿಡಿದು ಆಸಿಡ್ ಮುಖಕ್ಕೆ ಬರುತ್ತದೆ. ಕಣ್ಣಿಗೆ ಆಸಿಡ್ ಬಿದ್ದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯುತ್ತಲೇ ಇರಿ, ಆಮೇಲೆ ಸೀದಾ ಆಸ್ಪತ್ರೆಗೆ ಹೋಗಿ.

ಬಿಚ್ಚುವಾಗ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಹಾಕುವಾಗ ಮೊದಲು ಪಾಸಿಟಿವ್, ಕೊನೆಗೆ ನೆಗೆಟಿವ್. ಕಾರಣ ಇಷ್ಟೇ: ನೆಗೆಟಿವ್ ಬಿಚ್ಚಿರುವಾಗ ಪಾನಾ ಜಾರಿ ಬಾಡಿಗೆ ತಗುಲಿದರೂ ಕಿಡಿ ಹಾರುವುದಿಲ್ಲ.

ಟ್ರೇಯ ಕೆಸರು, ಹೊಟ್ಟು ಎಲ್ಲ ತೊಳೆಯಿರಿ. ಬಿಳಿ ಪುಡಿ ಕಟ್ಟಿದ ಕ್ಲಾಂಪುಗಳನ್ನು ಅಡುಗೆ ಸೋಡಾ ಕಲಸಿದ ಬಿಸಿ ನೀರಿನಲ್ಲಿ ಉಜ್ಜಿ. ಆ ನೀರು ಬ್ಯಾಟರಿಯ ಒಳಗೆ ಹೋಗದಂತೆ ನೋಡಿಕೊಳ್ಳಿ. ಬಿಗಿದ ಮೇಲೆ ಕಂಬಗಳಿಗೆ ವ್ಯಾಸಲೀನ್ ಸವರಿ. ಮೇಲಿನ ಕಬ್ಬಿಣದ ಪಟ್ಟಿಯನ್ನು ತಪ್ಪದೇ ಹಾಕಿ. ಬ್ಯಾಟರಿ ಕೈಯಲ್ಲಿ ಅಲುಗಾಡಿಸಿದರೆ ಅಲುಗಬಾರದು. ಕೇಜ್ ವೀಲ್ (ಕೆಸರು ಗದ್ದೆಗೆ ಹಾಕುವ ಕಬ್ಬಿಣದ ಚಕ್ರ) ಹಾಕಿದ ಟ್ರ್ಯಾಕ್ಟರ್ ಡಾಂಬರು ರಸ್ತೆಗೆ ಬಂದಾಗ ಆಗುವ ಕುಲುಕಾಟ ಗೊತ್ತಲ್ಲ, ಸಡಿಲ ಬ್ಯಾಟರಿಯ ಪ್ಲೇಟು ಉದುರಲು ಅಷ್ಟು ಸಾಕು. ಎಂಜಿನ್ ಶಾಖ ನೇರ ಬಡಿಯುತ್ತಿದ್ದರೆ ನಡುವೆ ಒಂದು ತಗಡಿನ ತಡೆ ಕಟ್ಟಿ. ಗಾಳಿ ಆಡಲು ಸಂದು ಬಿಡಿ.

ಡೈನಮೋ ನೋಡದೆ ಮುಗಿಸಬೇಡಿ

ಎಂಜಿನ್ ಮಧ್ಯಮ ವೇಗದಲ್ಲಿ ಓಡುವಾಗ ಕಂಬಗಳ ಮೇಲೆ 13.8ರಿಂದ 14.4 ವೋಲ್ಟ್ ಬರಬೇಕು. ಲೈಟ್ ಹಾಕಿದರೂ 13.5ರ ಮೇಲೆ ನಿಲ್ಲಬೇಕು. 13ರ ಕೆಳಗಿದ್ದರೆ ಬ್ಯಾಟರಿ ತುಂಬುವುದೇ ಇಲ್ಲ. ಬೆಲ್ಟ್ ಸಡಿಲವಿರಬಹುದು, ಬ್ರಷ್ ಸವೆದಿರಬಹುದು. 14.8 ದಾಟಿದರೆ ರೆಗ್ಯುಲೇಟರ್ ಹೋಗಿದೆ, ನೀರು ಕುದ್ದು ಆರುತ್ತದೆ. ಬಿಸಿ ಹೆಚ್ಚಾದಂತೆ ಬ್ಯಾಟರಿಗೆ ಬೇಕಾದ ವೋಲ್ಟೇಜ್ ಕಡಿಮೆಯಾಗುತ್ತದೆ. 20 ಡಿಗ್ರಿ ಏರಿದರೆ ಸುಮಾರು 0.4 ವೋಲ್ಟ್ ಕಡಿಮೆ ಸಾಕು. ಹಾಗಾಗಿ ನಮ್ಮ ಬೇಸಿಗೆಯಲ್ಲಿ 14ರ ಆಸುಪಾಸು ಇದ್ದರೆ ಸಂತೋಷಪಡಿ.

ಕೀ ತೆಗೆದ ಮೇಲೂ ಏನಾದರೂ ಕರೆಂಟ್ ಕುಡಿಯುತ್ತಿದೆಯಾ ನೋಡಿ. ಮೀಟರನ್ನು 10 ಆಂಪಿಯರ್‌ಗೆ ಇಟ್ಟು, ನೆಗೆಟಿವ್ ಕಂಬಕ್ಕೂ ಬಿಚ್ಚಿದ ಕೇಬಲ್‌ಗೂ ನಡುವೆ ಜೋಡಿಸಿ. ಈ ಹೊತ್ತಲ್ಲಿ ಯಾರೂ ಕೀ ಮುಟ್ಟಬಾರದು, ಮುಟ್ಟಿದರೆ ಮೀಟರಿನ ಫ್ಯೂಸ್ ಹೋಗುತ್ತದೆ. 0.05 ಆಂಪಿಯರ್ ಅಂದರೆ ಸಣ್ಣದು ಅನಿಸುತ್ತದೆ. ತಿಂಗಳಿಗೆ ಅದು 36 ಆಂಪಿಯರ್ ಅವರ್, ಅಂದರೆ 100ರ ಬ್ಯಾಟರಿಯ ಮೂರನೇ ಒಂದು ಭಾಗಕ್ಕೂ ಹೆಚ್ಚು. ಮಷಿನ್ ಎಲ್ಲಿದೆ ಅಂತ ತಿಳಿಯಲು ಹಾಕಿಸಿದ ಜಿಪಿಎಸ್ ಪೆಟ್ಟಿಗೆ ಹೀಗೆ ಕುಡಿಯುವುದುಂಟು. ಬ್ಯಾಟರಿ ಪಕ್ಕದಲ್ಲಿ ಒಂದು ಕಟ್ ಆಫ್ ಸ್ವಿಚ್ ಹಾಕಿಸಿದರೆ ತಲೆನೋವು ಮುಗಿಯಿತು.

ಕೀ ತಿರುವುವವರಿಗೆ

ಕ್ಲಚ್ ಒತ್ತಿ ಸ್ಟಾರ್ಟ್ ಮಾಡಿ. ಮಷಿನ್ ಆದರೆ ಕಟರ್, ಥ್ರೆಷರ್ ಬಿಡಿಸಿರಲಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ. ಎತ್ತದಿದ್ದರೆ ಅರ್ಧ ನಿಮಿಷ, ಒಂದು ನಿಮಿಷ ಬಿಟ್ಟು ಮತ್ತೆ ತಿರುವಿ. ಬೇರೆ ಟ್ರ್ಯಾಕ್ಟರಿನಿಂದ ಕರೆಂಟ್ ತೆಗೆದುಕೊಳ್ಳುವಾಗ ಎರಡೂ 12 ವೋಲ್ಟ್ ಗಾಡಿಗಳೇ ಅಂತ ಖಾತ್ರಿ ಮಾಡಿಕೊಳ್ಳಿ. 24ರ ಲಾರಿಯಿಂದ ಬೇಡ. ಕೊನೆಯ ನೆಗೆಟಿವ್ ಕ್ಲಿಪ್ಪನ್ನು ಬ್ಯಾಟರಿ ಕಂಬಕ್ಕೆ ಹಾಕಬೇಡಿ, ದೂರದಲ್ಲಿ ಎಂಜಿನ್ ಬಾಡಿಗೆ ಹಾಕಿ.

ಮಷಿನ್ ನಿಂತಾಗ

ನಮ್ಮ ಕಡೆ ಬ್ಯಾಟರಿ ಜಾಸ್ತಿ ಸಾಯುವುದು ಕೆಲಸದಲ್ಲಲ್ಲ, ಶೆಡ್‌ನಲ್ಲಿ. ಕಟಾವು ಮುಗಿಯುತ್ತದೆ, ಮಷಿನ್ ನಿಲ್ಲಿಸುತ್ತೇವೆ, ಮರೆಯುತ್ತೇವೆ. ತುಂಗಭದ್ರಾ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರು ಸಿಗದ ವರ್ಷ ಒಂದು ಕಟಾವಿನಿಂದ ಇನ್ನೊಂದಕ್ಕೆ ವರ್ಷವೇ ಕಳೆಯುತ್ತದೆ. ಚಾರ್ಜ್ ಇಳಿದ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಕೆಲವು ತಿಂಗಳು ಬಿಟ್ಟರೆ ಅದು ಮತ್ತೆ ಕರಗುವುದಿಲ್ಲ.

ನಿಲ್ಲಿಸುವ ಮೊದಲು ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ಬಿಚ್ಚಿಡಿ. ಆದರೆ ಬ್ಯಾಟರಿಯನ್ನೇ ಇಳಿಸಿ ಮನೆಯ ತಂಪು ಮೂಲೆಯಲ್ಲಿ, ಗಾಳಿ ಆಡುವಲ್ಲಿ ಇಡುವುದು ಇನ್ನೂ ಒಳ್ಳೆಯದು. ನೆಲದ ಮೇಲೆ ಇಟ್ಟರೆ ಚಾರ್ಜ್ ಇಳಿಯುತ್ತದೆ ಅನ್ನುವ ಮಾತು ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಅನ್ವಯಿಸುವುದಿಲ್ಲ. ತಿಂಗಳಿಗೊಮ್ಮೆ ಮೀಟರ್ ಹಿಡಿಯಿರಿ. 12.4ಕ್ಕೆ ಬಂದಿದ್ದರೆ ಚಾರ್ಜರ್‌ಗೆ ಹಾಕಿ. 100 ಆಂಪಿಯರ್ ಅವರ್ ಬ್ಯಾಟರಿಗೆ 10 ಆಂಪಿಯರ್ ದರ ಸಾಕು. ಎಂಜಿನ್ ಐದು ನಿಮಿಷ ಓಡಿಸಿ ಆರಿಸಿದರೆ ಚಾರ್ಜ್ ಆಯಿತು ಅಂದುಕೊಳ್ಳಬೇಡಿ. ಸ್ಟಾರ್ಟ್ ಮಾಡಲು ಹೋದದ್ದು, ಆ ಐದು ನಿಮಿಷದಲ್ಲಿ ನಿಧಾನ ವೇಗದಲ್ಲಿ ಬಂದದ್ದು, ಎರಡೂ ಹೊಂದುವುದೇ ಅನುಮಾನ.

ಬೇಸಿಗೆಯಲ್ಲಿ ಓಡುವ ಗಾಡಿಗೆ ಹದಿನೈದು ದಿನಕ್ಕೊಮ್ಮೆ ನೀರು ನೋಡಿ. ಪ್ಲೇಟಿನ ಮೇಲೆ 10ರಿಂದ 15 ಮಿಲಿಮೀಟರ್ ನಿಂತಿರಬೇಕು. ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಬೋರ್‌ವೆಲ್ ನೀರಿನಲ್ಲಿ ಉಪ್ಪಿನಂಶ ಎಷ್ಟಿದೆ ಅಂತ ಪಾತ್ರೆಯ ತಳ ನೋಡಿದರೆ ಗೊತ್ತಾಗುತ್ತದೆ, ಅದು ಪ್ಲೇಟನ್ನೂ ಬಿಡುವುದಿಲ್ಲ. ಮನೆಯ ಫಿಲ್ಟರ್ ನೀರಲ್ಲೂ ಸ್ವಲ್ಪ ಉಪ್ಪು ಉಳಿದಿರುತ್ತದೆ, ಅದೂ ಬೇಡ. ಆಸಿಡ್ ಮಾತ್ರ ಯಾವತ್ತೂ ಮತ್ತೆ ಹಾಕಬೇಡಿ, ಆವಿಯಾಗಿ ಹೋಗಿರುವುದು ನೀರು. ಹಳೆ ಬ್ಯಾಟರಿಗೆ ಆಸ್ಪಿರಿನ್ ಮಾತ್ರೆ ಹಾಕಿದರೆ ಜೀವ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಅದು ಒಳಗೆ ಸೀಸವನ್ನು ತಿನ್ನುವ ಆಮ್ಲವಾಗಿ ಒಡೆಯುತ್ತದೆ. ಒಂದು ದಿನ ಎದ್ದಂತೆ ಕಂಡರೂ ಪ್ಲೇಟು ಇನ್ನೂ ಬೇಗ ಹೋಗುತ್ತದೆ.

ಹೊಸ ಬ್ಯಾಟರಿ ಕೂರಿಸಿದ ದಿನ ಆರು ಸೆಲ್ಲಿನ ಹೈಡ್ರೋಮೀಟರ್ ಅಂಕಿ, ನಿಂತಾಗಿನ ವೋಲ್ಟೇಜ್, ಕೀ ತಿರುವಿದಾಗಿನ ವೋಲ್ಟೇಜ್, ಡೈನಮೋ ವೋಲ್ಟೇಜ್ ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಪ್ರತಿ ಕಟಾವಿಗೆ ಮೊದಲು ಅದೇ ಅಂಕಿಗಳನ್ನು ಕೆಳಗೆ ಬರೆಯುತ್ತಾ ಹೋಗಿ. ಹೋದ ಸಲ ಕೀ ತಿರುವಿದಾಗ 10.8 ಇದ್ದದ್ದು ಈ ಸಲ 10.1ಕ್ಕೆ ಇಳಿದಿದೆ ಅಂದರೆ ಮುಂದಿನ ಕಟಾವಿಗೆ ಹೊಸದಕ್ಕೆ ದುಡ್ಡು ಎತ್ತಿಡಲು ನಿಮಗೆ ಆರು ತಿಂಗಳು ಸಿಗುತ್ತದೆ.